ಮೊದಲು ತಿರುವು, ಆಮೇಲೆ ರೈಲು: ಹಿತ್ತಲಲ್ಲಿ ಪುಟ್ಟ ಹಳಿ ಹಾಕೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ ಇಲ್ಲಿದೆ. ಕೇಳುತ್ತಾ ಓದಬಹುದು, ಓದಿ ಆಮೇಲೆ ಕೇಳಲೂಬಹುದು.)

ಇವತ್ತು ಒಂದು ಪುಟ್ಟ ರೈಲಿನ ಬಗ್ಗೆ ಮಾತಾಡೋಣ. ಮನೆ ಹಿತ್ತಲಲ್ಲಿ, ಗಿಡಗಳ ನಡುವೆ ಓಡೋ ರೈಲು. ಗಾರ್ಡನ್ ರೈಲ್ವೆ ಅಂತಾರೆ.

ನಾನು ಇಂಥದ್ದೊಂದು ಕಟ್ಟಿದ್ದೀನಿ ಅಂದ ತಕ್ಷಣ ಎಲ್ಲರೂ ಮೊದಲು ಕೇಳೋ ಪ್ರಶ್ನೆ, 'ಇಂಜಿನ್ ಯಾವುದು?' ಎರಡನೇದು, 'ಎಷ್ಟು ಖರ್ಚಾಯ್ತು?' ಆದರೆ ಮೊದಲು ಕೇಳಬೇಕಾದ್ದು ಬೇರೆ: 'ತಿರುವು ಎಷ್ಟು ದೊಡ್ಡದು?' ಯಾಕಂದ್ರೆ ನೇರ ಹಳಿ ಎಲ್ಲಿ ಬೇಕಾದರೂ ಕೂರುತ್ತೆ. ಜಾಗ ತಿನ್ನೋದು ತಿರುವು. ಬೋಗಿ ಎಷ್ಟು ಉದ್ದ ಇರಬೇಕು, ಇಂಜಿನ್ ಎಷ್ಟು ಎಳೆಯುತ್ತೆ, ಯಾವ ಗಿಡ ಉಳಿಯುತ್ತೆ, ಇದೆಲ್ಲಾ ತೀರ್ಮಾನ ಆಗೋದು ಆ ಒಂದು ತಿರುವಲ್ಲೇ. ಇದು ಅಗ್ಗದ ಹವ್ಯಾಸ ಅಲ್ಲ. ಹಳಿ, ಇಂಜಿನ್ ಹೆಚ್ಚಾಗಿ ಹೊರದೇಶದಿಂದ ಬರಬೇಕು. ತಂದ ಮೇಲೆ 'ಇದು ನಮ್ಮ ತಿರುವಲ್ಲಿ ಓಡಲ್ಲ' ಅಂತ ಗೊತ್ತಾದರೆ ವಾಪಸ್ ಕಳಿಸೋದು ಕಷ್ಟ. ಹಾಗಾಗಿ ದುಡ್ಡು ಖರ್ಚು ಮಾಡೋ ಮುಂಚೆ ಲೆಕ್ಕ.

ಮೈಸೂರಿನ ಹಳೇ ಗೇಜ್, ಹಿತ್ತಲಿನ ಹೊಸ ಗೇಜ್

ಮೊದಲು ಒಂದು ಸ್ವಾರಸ್ಯ. ಹಿತ್ತಲ ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರೋ ಹಳಿಯ ಅಗಲ 45 ಮಿಲಿಮೀಟರ್. ಜರ್ಮನಿಯ ಎಲ್‌ಜಿಬಿ ಅನ್ನೋ ಬ್ರ್ಯಾಂಡ್ 1968ರಲ್ಲಿ ಈ ಅಗಲದ ಹಳಿ ಮೇಲೆ ಓಡೋ ಗಾಡಿಗಳನ್ನ ಮಾರುಕಟ್ಟೆಗೆ ತಂತು. ಅವರ ಅಳತೆ 1ಕ್ಕೆ 22.5. ಅಂದ್ರೆ ಅಸಲಿ ರೈಲಿನ 22.5 ಮೀಟರ್ ಇಲ್ಲಿ 1 ಮೀಟರ್. ಈಗ 45 ಮಿ.ಮೀ.ಯನ್ನ 22.5ರಿಂದ ಗುಣಿಸಿ ನೋಡಿ. 1012 ಬರುತ್ತೆ. ಹೆಚ್ಚುಕಮ್ಮಿ ಒಂದು ಮೀಟರ್. ಮೀಟರ್ ಗೇಜ್!

ಮೈಸೂರಿನವರಿಗೆ ಇದು ಬರೀ ಸಂಖ್ಯೆ ಅಲ್ಲ. 1882ರಲ್ಲಿ ಬೆಂಗಳೂರು–ಮೈಸೂರು ಮಾರ್ಗ ಶುರುವಾಗಿದ್ದೇ ಮೀಟರ್ ಗೇಜ್‌ನಲ್ಲಿ. ನೂರು ವರ್ಷಕ್ಕೂ ಹೆಚ್ಚು ಕಾಲ ಊರಿನ ರೈಲು ಅಂದ್ರೆ ಅದೇ ಸಣ್ಣ ಹಳಿ. 1990ರ ದಶಕದಲ್ಲಿ ಅದು ಬ್ರಾಡ್ ಗೇಜ್ ಆಯ್ತು, ಅಂದ್ರೆ 1676 ಮಿ.ಮೀ. ನಮ್ಮ ವಯಸ್ಸಿನವರಿಗೆ ಮೀಟರ್ ಗೇಜ್ ನೋಡಬೇಕಂದ್ರೆ ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂಗೇ ಹೋಗಬೇಕು. 1979ರಲ್ಲಿ ಶುರುವಾದ ಮ್ಯೂಸಿಯಂ ಅದು. ಮಹಾರಾಣಿಯವರ 1899ರ ಸಲೂನ್ ಬೋಗಿ ಅಲ್ಲಿದೆ, ಹಳೇ ಉಗಿ ಇಂಜಿನ್‌ಗಳಿವೆ. ಮಕ್ಕಳನ್ನ ಕೂರಿಸಿಕೊಂಡು ಸುತ್ತು ಹಾಕೋ ಪುಟಾಣಿ ರೈಲೂ ಇದೆ.

ನಮ್ಮಪ್ಪ ಆ ಮೀಟರ್ ಗೇಜ್ ಕಾಲದವರು. ಕೀಮ್ಯಾನ್ ಆಗಿ ಕೆಲಸಕ್ಕೆ ಸೇರಿದವರು. ಕೀಮ್ಯಾನ್ ಅಂದ್ರೆ ಸುತ್ತಿಗೆ, ಸ್ಪ್ಯಾನರ್ ಹಿಡ್ಕೊಂಡು ದಿನಾ ತನ್ನ ಪಾಲಿನ ಹಳಿ ಉದ್ದಕ್ಕೂ ನಡೆದು, ಸಡಿಲ ಆಗಿರೋದನ್ನೆಲ್ಲಾ ಬಿಗಿ ಮಾಡೋರು. ಅಷ್ಟು ನಡೆದವರಿಗೆ ಈಗ ಮಂಡಿ ಕೈಕೊಟ್ಟಿದೆ. ಮನೆ ಹಿಂದಿನ ಜಗಲಿ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂರ್ತಾರೆ. ರೈಲು ಕಟ್ಟೋ ಆಸೆ ನನ್ನದು, ಆದರೆ ಅದು ಯಾರ ಕಣ್ಣಿಗೆ ಕಾಣಬೇಕು ಅನ್ನೋದು ಮೊದಲೇ ತೀರ್ಮಾನ ಆಗಿತ್ತು. ಆ ಕುರ್ಚಿಯಿಂದ ಪೂರ್ತಿ ಸುತ್ತು ಕಾಣಬೇಕು.

ಅಸಲಿ ತಿರುವು ಎಷ್ಟು ದೊಡ್ಡದು?

ಭಾರತೀಯ ರೈಲ್ವೆಯಲ್ಲಿ ತಿರುವನ್ನ ಡಿಗ್ರಿಯಲ್ಲಿ ಹೇಳ್ತಾರೆ. 1750ನ್ನ ಡಿಗ್ರಿಯಿಂದ ಭಾಗಿಸಿದರೆ ತ್ರಿಜ್ಯ ಮೀಟರಲ್ಲಿ ಬರುತ್ತೆ. 1 ಡಿಗ್ರಿ ತಿರುವು ಅಂದ್ರೆ 1750 ಮೀಟರ್ ತ್ರಿಜ್ಯ. ಕೂತವರಿಗೆ ರೈಲು ತಿರುಗಿದ್ದೇ ಗೊತ್ತಾಗಲ್ಲ. ಡಿಗ್ರಿ ಜಾಸ್ತಿ ಆದಷ್ಟೂ ತಿರುವು ಬಿಗಿ.

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಾಟಿ ಇಳಿಯೋ ರೈಲಲ್ಲಿ ಹೋಗಿದ್ದೀರಾ? 57 ಸುರಂಗಗಳಿರೋ ದಾರಿ. ಅಲ್ಲಿ ಕಿಟಕಿಯಿಂದ ನೋಡಿದರೆ ನಿಮ್ಮದೇ ರೈಲಿನ ಇಂಜಿನ್ ಪಕ್ಕದಲ್ಲಿ ಬಾಗಿಕೊಂಡು ಹೋಗ್ತಿರುತ್ತೆ. ಅಲ್ಲಿನ ಬಿಗಿ ತಿರುವುಗಳು 8 ಡಿಗ್ರಿ, ಅಂದ್ರೆ ಸುಮಾರು 219 ಮೀಟರ್ ತ್ರಿಜ್ಯ. ನಿಯಮದ ಪ್ರಕಾರ ಬ್ರಾಡ್ ಗೇಜ್ 10 ಡಿಗ್ರಿವರೆಗೆ, ಮೀಟರ್ ಗೇಜ್ 16 ಡಿಗ್ರಿವರೆಗೆ ಹೋಗಬಹುದು. 16 ಡಿಗ್ರಿ ಅಂದ್ರೆ 109 ಮೀಟರ್.

ಈ 109 ಮೀಟರನ್ನ ನಮ್ಮ ಹಿತ್ತಲ ಅಳತೆಗೆ ಇಳಿಸೋಣ. 22.5ರಿಂದ ಭಾಗಿಸಿ. 4.84 ಮೀಟರ್. ಅದು ತ್ರಿಜ್ಯ ಮಾತ್ರ. ಪೂರ್ತಿ ತಿರುಗಿ ಬರಬೇಕಂದ್ರೆ ಅದರ ಎರಡರಷ್ಟು, ಅಂದ್ರೆ ಹತ್ತಿರ ಹತ್ತಿರ 10 ಮೀಟರ್ ಅಗಲ ಬೇಕು. ನಮ್ಮೂರಿನ 30–40 ಸೈಟಿನ ಅಗಲವೇ 9 ಮೀಟರ್ ಚಿಲ್ಲರೆ! ಮನೆಯನ್ನೇ ಒಡೆದರೂ ಸಾಲಲ್ಲ.

ಇನ್ನೊಂದು ತುದಿಗೆ ಹೋಗೋಣ. ಆರಂಭದ ಸೆಟ್ಟುಗಳ ಜೊತೆ ಬರೋ ಅತಿ ಸಣ್ಣ ಎಲ್‌ಜಿಬಿ ತಿರುವಿನ ತ್ರಿಜ್ಯ 60 ಸೆಂಟಿಮೀಟರ್. ಹನ್ನೆರಡು ತುಂಡು ಜೋಡಿಸಿದರೆ ಒಂದು ವೃತ್ತ. ಹಾಲ್‌ನಲ್ಲಿ ಹಾಕಬಹುದು. ಅಸಲಿ ಲೆಕ್ಕದಲ್ಲಿ ಅದು 13.5 ಮೀಟರ್ ತ್ರಿಜ್ಯ. ಯಾವ ಮೀಟರ್ ಗೇಜ್ ಪ್ಯಾಸೆಂಜರ್ ಗಾಡಿಯೂ ಅಲ್ಲಿ ತಿರುಗಲ್ಲ. ನಮ್ಮ ತಿರುವು ಈ 60 ಸೆಂ.ಮೀ. ಮತ್ತು 4.84 ಮೀಟರ್ ನಡುವೆ ಎಲ್ಲೋ ಇರಬೇಕು. ಎಲ್ಲಿ ಅನ್ನೋದೇ ಪ್ಲ್ಯಾನಿಂಗ್.

ಸಣ್ಣ ತಿರುವಲ್ಲಿ ರೈಲು ಯಾಕೆ ಒದ್ದಾಡುತ್ತೆ?

ಕಾರಿನ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಬಹುದು. ರೈಲಿನದು ಹಾಗಲ್ಲ. ಎರಡು ಚಕ್ರ ಒಂದೇ ಅಚ್ಚಿಗೆ ಬಿಗಿದಿರುತ್ತೆ, ಒಟ್ಟಿಗೇ ತಿರುಗಬೇಕು. ಆದರೆ ತಿರುವಲ್ಲಿ ಹೊರಗಿನ ಹಳಿ ಉದ್ದ, ಒಳಗಿನ ಹಳಿ ಗಿಡ್ಡ. ಎಷ್ಟು ವ್ಯತ್ಯಾಸ? 45 ಮಿ.ಮೀ. ಹಳಿಯಲ್ಲಿ ಒಂದು ಪೂರ್ತಿ ಸುತ್ತಿಗೆ ಸುಮಾರು 28 ಸೆಂ.ಮೀ. ಮಜಾ ಏನಂದ್ರೆ ವೃತ್ತ ಸಣ್ಣದಿರಲಿ ದೊಡ್ಡದಿರಲಿ, ವ್ಯತ್ಯಾಸ ಅಷ್ಟೇ ಇರುತ್ತೆ.

ಹಾಗಾದರೆ ದೊಡ್ಡ ತಿರುವಿನಿಂದ ಏನು ಲಾಭ? ದೂರ ನೋಡಿ. 60 ಸೆಂ.ಮೀ. ತ್ರಿಜ್ಯದಲ್ಲಿ ಒಂದು ಸುತ್ತು 3.77 ಮೀಟರ್. ಅಷ್ಟರೊಳಗೆ 28 ಸೆಂ.ಮೀ. ಹೊಂದಿಸಿಕೊಳ್ಳಬೇಕು. 1.5 ಮೀಟರ್ ತ್ರಿಜ್ಯದಲ್ಲಿ ಒಂದು ಸುತ್ತು 9.42 ಮೀಟರ್. ಅದೇ 28 ಸೆಂ.ಮೀ. ಆರಾಮಾಗಿ ಹಂಚಿಹೋಗುತ್ತೆ. ಚಕ್ರದ ಮೈ ಸ್ವಲ್ಪ ಓರೆಯಾಗಿರೋದರಿಂದ ಒಂದಿಷ್ಟು ವ್ಯತ್ಯಾಸ ತಾನೇ ಸರಿಹೋಗುತ್ತೆ. ಮಿಕ್ಕಿದ್ದು ಜಾರಬೇಕು, ಉಜ್ಜಬೇಕು. ಆ ಕಿರ್ರ್ ಸದ್ದು ಬರೋದು ಅಲ್ಲಿಂದಲೇ. ಚಕ್ರ ಸವೆಯುತ್ತೆ, ಬ್ಯಾಟರಿ ಬೇಗ ಮುಗಿಯುತ್ತೆ, ಕೊನೇ ಬೋಗಿ ಹಳಿ ಬಿಡುತ್ತೆ.

ಹವ್ಯಾಸಿಗಳು ಬಳಸೋ ಒಂದು ಸುಲಭ ಲೆಕ್ಕ ಇದೆ. ನಿಮ್ಮ ಅತಿ ಉದ್ದದ ಬೋಗಿಯನ್ನ ಅಳೆಯಿರಿ. ತಿರುವಿನ ತ್ರಿಜ್ಯ ಅದರ ಮೂರು ಪಟ್ಟಾದರೂ ಇರಲಿ. ಎರಡೇ ಪಟ್ಟು ಆದರೆ ಕೆಲವು ಗಾಡಿ ಓಡುತ್ತೆ, ಕೆಲವು ಓಡಲ್ಲ. ಐದು ಪಟ್ಟು ಆದರೆ ನೋಡೋಕೂ ಅಸಲಿ ರೈಲಿನ ಥರ ಇರುತ್ತೆ. ಮೀಟರ್ ಗೇಜ್ ಬೋಗಿ ಸುಮಾರು 19.5 ಮೀಟರ್ ಉದ್ದ. ನಮ್ಮ ಅಳತೆಯಲ್ಲಿ 87 ಸೆಂ.ಮೀ. ಮೂರು ಪಟ್ಟು ಅಂದ್ರೆ 2.6 ಮೀಟರ್ ತ್ರಿಜ್ಯ, 5.2 ಮೀಟರ್ ಅಗಲ. ನಮ್ಮ ಹಿತ್ತಲ ಅಗಲ ಇರೋದೇ 4 ಮೀಟರ್.

ಹಿತ್ತಲು, ಸಂಪಿಗೆ ಮರ, ಮೂರು ಅಭಿಪ್ರಾಯ

ಈಗ ನಮ್ಮ ಜಾಗ ಹೇಳ್ತೀನಿ, ನಿಮ್ಮ ಜಾಗಕ್ಕೂ ಹೀಗೇ ಯೋಚಿಸಬಹುದು. ಉದ್ದ 9 ಮೀಟರ್, ಅಗಲ 4 ಮೀಟರ್. ಒಂದು ತುದಿಯಲ್ಲಿ ಬಟ್ಟೆ ಒಗೆಯೋ ಕಲ್ಲಿತ್ತು, ಅದನ್ನ ಸರಿಸಬಹುದು. ನಡುವೆ ಸಂಪಿನ ಮುಚ್ಚಳ, ಅದರ ಮೇಲೆ ಹಳಿ ಹಾಕೋ ಹಾಗಿಲ್ಲ, ನೀರಿನವರು ಬಂದಾಗ ತೆಗೀಬೇಕು. ಇನ್ನೊಂದು ತುದಿಯ ಮೂಲೆಯಲ್ಲಿ ಸಂಪಿಗೆ ಮರ. ಅದನ್ನ ನೆಟ್ಟಿದ್ದು ನಮ್ಮಮ್ಮ. ಅಮ್ಮ ಈಗಿಲ್ಲ.

ಮರ ನಿಂತಿರೋದು ಹಿಂದಿನ ಗೋಡೆಯಿಂದ 1.2 ಮೀಟರ್, ಪಕ್ಕದ ಗೋಡೆಯಿಂದ 90 ಸೆಂ.ಮೀ. ಕಾಂಡ 24 ಸೆಂ.ಮೀ. ದಪ್ಪ. ಸರಿಯಾಗಿ ತಿರುವು ಬರೋ ಜಾಗ.

ಚಿಕ್ಕಪ್ಪ ನೋಡಿದವರೇ, 'ಮರ ಒಂದು ತೆಗೆಸಿದ್ರೆ ಎಲ್ಲಾ ಸಲೀಸು' ಅಂದ್ರು. ಅಪ್ಪ ಏನೂ ಮಾತಾಡಲಿಲ್ಲ, ಎದ್ದು ಒಳಗೆ ಹೋದ್ರು. ಆ ಮಾತು ಅಲ್ಲಿಗೆ ಮುಗೀತು. ತಮ್ಮ ಹೇಳಿದ್ದು, 'ತಿರುವು ಚಿಕ್ಕದು ಮಾಡೋಣ, ಒಂದು ಕಡೆಗೆ ಒತ್ತೋಣ, ಮರ ಹೊರಗೆ ಉಳಿಯುತ್ತೆ.' ಅದು ಆಗುತ್ತಿತ್ತು. ಆದರೆ ತಿರುವು ಬಿಗಿ ಆಗುತ್ತೆ, ಜಗಲಿಯಿಂದ ನೋಡಿದರೆ ಆ ತುದಿ ಪೂರ್ತಿ ಮರದ ಹಿಂದೆ ಮುಚ್ಚಿಹೋಗುತ್ತೆ.

ಮೂರನೇ ದಾರಿ ಕಾಗದದ ಮೇಲೆ ಸಿಕ್ಕಿತು: ತಿರುವನ್ನ ದೊಡ್ಡದು ಮಾಡೋದು. ಹಿತ್ತಲ ನಡುಗೆರೆ ಮೇಲೆ, ಹಿಂದಿನ ಗೋಡೆಯಿಂದ 1.8 ಮೀಟರ್ ದೂರಕ್ಕೆ ಗೂಟ ಹೊಡೆದು 1.5 ಮೀಟರ್ ತ್ರಿಜ್ಯದ ವೃತ್ತ ಎಳೆದರೆ ಮರ ಅದರ ಒಳಗೇ ಬರುತ್ತೆ! ಗೂಟದಿಂದ ಮರಕ್ಕೆ 1.25 ಮೀಟರ್, ಹಳಿಗೆ 1.5 ಮೀಟರ್. ನಡುವೆ 25 ಸೆಂ.ಮೀ. ಮರ ಉಳೀತು, ತಿರುವೂ ದೊಡ್ಡದಾಯ್ತು. ರೈಲು ಮರದ ಹಿಂದೆ ಒಂದು ಕ್ಷಣ ಮರೆಯಾಗಿ ಈಚೆ ಬರುತ್ತೆ. ಜಾಗ ಕಮ್ಮಿ ಅಂದ ತಕ್ಷಣ ತಿರುವು ಸಣ್ಣದು ಮಾಡಬೇಕು ಅಂತ ಎಲ್ಲರ ಕೈ ಹೋಗುತ್ತೆ. ಒಮ್ಮೆ ದೊಡ್ಡದು ಮಾಡಿ, ಅಡ್ಡಿಯನ್ನ ಒಳಗೆ ತಗೊಳ್ಳೋಕೆ ಆಗುತ್ತಾ ಅಂತಲೂ ನೋಡಿ.

1.5 ಮೀಟರ್ ತ್ರಿಜ್ಯ ತೀರ್ಮಾನ ಆದಮೇಲೆ ಬೋಗಿಯ ಉದ್ದವೂ ತೀರ್ಮಾನ ಆಯ್ತು. ಮೂರರಿಂದ ಭಾಗಿಸಿ, 50 ಸೆಂ.ಮೀ. 87 ಸೆಂ.ಮೀ.ನ ಅಸಲಿ ಅಳತೆಯ ಬೋಗಿ ಬಿಟ್ಟು ಗಿಡ್ಡ ಬೋಗಿ ಆರಿಸಿಕೊಂಡೆವು. ನೋಡೋರಿಗೆ ರೈಲೇ.

ಅಪ್ಪನ ದಾರ

ನೆಲದ ಮೇಲೆ ತಿರುವು ಎಳೆಯೋದು ಸುಲಭ. ಗೂಟ, ದಾರ, ರಂಗೋಲಿ ಪುಡಿ. ಇದಕ್ಕಿಂತ ಒಳ್ಳೆ ಸಾಫ್ಟ್‌ವೇರ್ ನಾನು ನೋಡಿಲ್ಲ. ಎಳೆದು ಎರಡು ದಿನ ಹಾಗೇ ಬಿಡಿ. ಅದರ ಸುತ್ತ ಓಡಾಡಿ, ಬಟ್ಟೆ ಒಣಗಿಸಿ, ನೀರು ಹಾಕಿ. ಎಲ್ಲಿ ಕಾಲಿಗೆ ಸಿಗುತ್ತೆ ಅಂತ ಗೊತ್ತಾಗುತ್ತೆ. ಅಳಿಸಿ ಮತ್ತೆ ಎಳೆಯೋಕೆ ಖರ್ಚೇನಿಲ್ಲ.

ಕಷ್ಟ ಇರೋದು ಹಳಿ ಹಾಕಿದ ಮೇಲೆ. ರೈಲ್ ಬೆಂಡರ್ ಅನ್ನೋ ಸಣ್ಣ ಉಪಕರಣದಲ್ಲಿ ಹಿತ್ತಾಳೆ ಹಳಿಯನ್ನ ಬಗ್ಗಿಸ್ತೀವಿ. ಎಲ್ಲಾ ಕಡೆ ಒಂದೇ ಸಮ ಬಗ್ಗಿದೆಯಾ? ಕಣ್ಣಿಗೆ ಸರಿ ಕಂಡರೂ ಎಲ್ಲೋ ಒಂದು ಕಡೆ ಬಿಗಿಯಾಗಿರುತ್ತೆ. ಇಂಜಿನ್ ಬೀಳೋದು ಅಲ್ಲೇ.

ಇದನ್ನ ಕಂಡುಹಿಡಿಯೋ ವಿದ್ಯೆ ಅಪ್ಪನ ಕೈಯಲ್ಲಿತ್ತು. ರೈಲ್ವೆಯಲ್ಲಿ ತಿರುವು ಪರೀಕ್ಷೆ ಮಾಡೋವಾಗ 20 ಮೀಟರ್ ದಾರವನ್ನ ಹಳಿಯ ಒಳಮೈಗೆ ಎರಡು ತುದಿ ತಾಗಿಸಿ ಬಿಗಿಯಾಗಿ ಹಿಡೀತಾರೆ. ದಾರದ ನಡುವಿಂದ ಹಳಿಗೆ ಎಷ್ಟು ಅಂತರ ಅಂತ ಸ್ಕೇಲಲ್ಲಿ ಅಳೀತಾರೆ. ಇದಕ್ಕೆ ವರ್ಸೈನ್ ಅಂತಾರೆ. ಆಮೇಲೆ ಮುಂದಕ್ಕೆ ಸರಿದು ಮತ್ತೆ ಅಳತೆ. ಎಲ್ಲಾ ಕಡೆ ಒಂದೇ ಸಂಖ್ಯೆ ಬಂದರೆ ತಿರುವು ಸಮ ಇದೆ ಅಂತ. ಒಂದು ಕಡೆ ಜಾಸ್ತಿ ಬಂದರೆ ಅಲ್ಲಿ ಬಿಗಿ, ಕಮ್ಮಿ ಬಂದರೆ ಅಲ್ಲಿ ಸಡಿಲ.

ನಾವು 20 ಮೀಟರ್ ಬದಲು 60 ಸೆಂ.ಮೀ. ದಾರ ತಗೊಂಡೆವು. ಲೆಕ್ಕ ಹೀಗೆ: ದಾರದ ಉದ್ದವನ್ನ ಅದರಿಂದಲೇ ಗುಣಿಸಿ, ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. 60 ಗುಣಿಸು 60, 3600. 150ರ ಎಂಟು ಪಟ್ಟು 1200. ಉತ್ತರ 3 ಸೆಂ.ಮೀ. ಅಂದ್ರೆ ಎಲ್ಲೇ ದಾರ ಹಿಡಿದರೂ ನಡುವೆ 30 ಮಿ.ಮೀ. ಬರಬೇಕು.

ಅಪ್ಪ ಕುರ್ಚಿಯಲ್ಲಿ ಕೂತು ಸಂಖ್ಯೆ ಬರ್ಕೊಂಡ್ರು, ನಾನು, ತಮ್ಮ ದಾರ ಹಿಡಿದೆವು. 30, 31, 30, 36, 24, 30. 'ನೋಡಿದ್ಯಾ, 36 ಬಂದ ಪಕ್ಕದಲ್ಲೇ 24 ಬಂದಿದೆ. ಒಂದು ಕಡೆ ಒತ್ತಿದ್ರೆ ಪಕ್ಕದಲ್ಲಿ ಸಡಿಲ ಆಗ್ಲೇಬೇಕು ಕಣಮ್ಮ. 36 ಇರೋ ಕಡೆ ಸ್ವಲ್ಪ ಒಳಕ್ಕೆ ತಳ್ಳು, 24 ತಾನೇ ಸರಿಹೋಗುತ್ತೆ' ಅಂದ್ರು. ಹಾಗೇ ಆಯ್ತು. ಅವತ್ತು ಮಧ್ಯಾಹ್ನ ಊಟಕ್ಕೆ ಕರೆದರೂ ಅವರು ಕುರ್ಚಿ ಬಿಟ್ಟು ಏಳಲಿಲ್ಲ.

ಇದೇ ಲೆಕ್ಕ ಇನ್ನೊಂದು ಕಡೆಯೂ ಬರುತ್ತೆ. ಬೋಗಿಯ ಕೆಳಗೆ ಎರಡು ಕಡೆ ಚಕ್ರಗಳ ಸೆಟ್ ಇರುತ್ತಲ್ಲ, ಅವೆರಡೂ ಹಳಿ ಮೇಲಿರುತ್ತೆ. ಆದರೆ ನಡುವಿನ ಬೋಗಿ ನೇರ, ಹಳಿ ವಕ್ರ. ಹಾಗಾಗಿ ಬೋಗಿಯ ಹೊಟ್ಟೆ ತಿರುವಿನ ಒಳಕ್ಕೆ ಚಾಚುತ್ತೆ. ಚಕ್ರದ ಸೆಟ್‌ಗಳ ನಡುವೆ 60 ಸೆಂ.ಮೀ. ಇದ್ದರೆ ಅದೇ 30 ಮಿ.ಮೀ. ಚಾಚುತ್ತೆ. ಬೋಗಿನೇ ನಮ್ಮ ದಾರ! ನಮ್ಮ ಗಿಡ್ಡ ಬೋಗಿಯಲ್ಲಿ ಈ ಅಂತರ 34 ಸೆಂ.ಮೀ., ಚಾಚೋದು ಸುಮಾರು 10 ಮಿ.ಮೀ. ಮಾತ್ರ. ಮರದ ಪಕ್ಕ ಹೋಗೋವಾಗ ಇದು ಬೇಕಾಗೋ ಲೆಕ್ಕ. ಹಳಿಯ ನಡುವಿಂದ ಕಾಂಡದ ಅಂಚಿಗೆ 13 ಸೆಂ.ಮೀ. ಅದರಲ್ಲಿ ಬೋಗಿಯ ಅರ್ಧ ಅಗಲ 6, ಚಾಚೋದು 1. ಉಳಿದಿದ್ದು 6 ಸೆಂ.ಮೀ. ಸಾಕು. ಬೋಗಿಯ ಎರಡು ತುದಿಗಳು ಹೊರಗಡೆ ಚಾಚುತ್ತೆ, ಹಾಗಾಗಿ ಗೋಡೆ ಕಡೆಯೂ ಜಾಗ ಬಿಡಿ.

ಹಳಿ ಹಾಕೋ ಮುಂಚೆ ನಾಲ್ಕು ಮಾತು

ಒಂದು. ನೇರ ಹಳಿಯಿಂದ ಏಕಾಏಕಿ ಬಿಗಿ ತಿರುವಿಗೆ ಹೋಗಬೇಡಿ. ಅಸಲಿ ರೈಲ್ವೆಯಲ್ಲಿ ನಡುವೆ ನಿಧಾನಕ್ಕೆ ಬಿಗಿಯಾಗೋ ಒಂದು ತುಂಡು ಇರುತ್ತೆ, ಟ್ರಾನ್ಸಿಷನ್ ಅಂತಾರೆ. ಹಿತ್ತಲಲ್ಲಿ ನೀರಿನ ಪೈಪ್ ಸಹಾಯಕ್ಕೆ ಬರುತ್ತೆ. ಪೈಪನ್ನ ಗೆರೆ ಮೇಲೆ ಮಲಗಿಸಿ, ನೇರ ಮುಗಿದು ತಿರುವು ಶುರುವಾಗೋ ಕಡೆ ಅದು ಹೇಗೆ ತಾನಾಗೇ ಬಾಗುತ್ತೆ ನೋಡಿ. ಸುಮಾರು ಒಂದು ಬೋಗಿಯಷ್ಟು ಉದ್ದ ಹಾಗೆ ಬಿಟ್ಟರೆ ರೈಲು ಕುಲುಕದೆ ಒಳಗೆ ಹೋಗುತ್ತೆ.

ಎರಡು. ಎಡಕ್ಕೆ ತಿರುಗಿದ ತಕ್ಷಣ ಬಲಕ್ಕೆ ತಿರುಗಿಸಬೇಡಿ. ಒಂದು ಬೋಗಿಯ ಬಾಲ ಒಂದು ಕಡೆ, ಹಿಂದಿನ ಬೋಗಿಯ ಮೂತಿ ಇನ್ನೊಂದು ಕಡೆ ಚಾಚಿ, ಕೊಂಡಿ ಎಳೆದು ಹಳಿ ತಪ್ಪಿಸುತ್ತೆ. ನಡುವೆ ಅತಿ ಉದ್ದದ ಬೋಗಿಯಷ್ಟಾದರೂ ನೇರ ಹಳಿ ಇರಲಿ.

ಮೂರು. ತಿರುವಲ್ಲಿ ಏರು ಇಡಬೇಡಿ. ಸಕಲೇಶಪುರ ಘಾಟಿಯ ಏರು 50ಕ್ಕೆ 1, ಅಂದ್ರೆ ಶೇಕಡಾ 2. ಹಿತ್ತಲಲ್ಲೂ ಅದನ್ನ ದಾಟದಿದ್ದರೆ ಒಳ್ಳೇದು. ತಿರುವು ತಾನೇ ಒಂದು ಏರಿನ ಥರ ಎಳೆಯುತ್ತೆ. ಹಾಗಾಗಿ ಅಸಲಿ ಮೀಟರ್ ಗೇಜ್‌ನಲ್ಲಿ ತಿರುವಿನ ಪ್ರತಿ ಡಿಗ್ರಿಗೆ ಏರನ್ನ ಶೇಕಡಾ 0.03ರಷ್ಟು ಕಮ್ಮಿ ಮಾಡ್ತಿದ್ರು. ಹಿತ್ತಲಲ್ಲಿ ಏರು ಬೇಕೇಬೇಕು ಅಂದ್ರೆ ನೇರ ಹಳಿಯಲ್ಲಿ ಇಡಿ.

ನಾಲ್ಕು. ಸಿಮೆಂಟಲ್ಲಿ ಹಳಿ ಹೂಳಬೇಡಿ. ತಾಪಮಾನ 30 ಡಿಗ್ರಿ ಏರಿದರೆ 10 ಮೀಟರ್ ಹಿತ್ತಾಳೆ ಸುಮಾರು 6 ಮಿ.ಮೀ. ಹಿಗ್ಗುತ್ತೆ. ಏಪ್ರಿಲ್ ಬಿಸಿಲಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ತಿರುವು ಸೊಟ್ಟಗಾಗುತ್ತೆ. ಜೋಡಣೆಗಳಲ್ಲಿ ಕೂದಲೆಳೆಯಷ್ಟು ಸಂದು ಬಿಡಿ, ಸಣ್ಣ ಜಲ್ಲಿ ಮೇಲೆ ಕೂರಿಸಿ. ಜಲ್ಲಿ ಇದ್ದರೆ ಮಳೆ ನೀರೂ ನಿಲ್ಲಲ್ಲ. ನಮಗೆ ಇನ್ನೊಂದು ಕಾರಣವೂ ಇತ್ತು. ಸಂಪಿಗೆ ಮರ ಇನ್ನೂ ದಪ್ಪ ಆಗುತ್ತೆ, ಬೇರು ಮೇಲೆ ಬರುತ್ತೆ. ಅವತ್ತು ಸರಿಯಬೇಕಾದ್ದು ಹಳಿ, ಮರ ಅಲ್ಲ. ಪಕ್ಕದ ಗೋಡೆ ಕಡೆ 50 ಸೆಂ.ಮೀ. ಖಾಲಿ ಬಿಟ್ಟಿರೋದು ಅದಕ್ಕೇ.

ಹಿತ್ತಲೇ ಇಲ್ಲ ಅನ್ನೋರಿಗೆ

ಬಾಡಿಗೆ ಮನೆ, ಅಪಾರ್ಟ್‌ಮೆಂಟ್, ಹಿತ್ತಲು ಎಲ್ಲಿಂದ ತರೋದು ಅಂತೀರಾ? ನವರಾತ್ರಿಯಲ್ಲಿ ಬೊಂಬೆ ಕೂರಿಸೋ ಮನೆಗಳನ್ನ ನೆನಪು ಮಾಡ್ಕೊಳ್ಳಿ. ಮೆಟ್ಟಿಲುಗಳ ಮುಂದೆ ತಟ್ಟೆಯಲ್ಲಿ ಮಣ್ಣು ಹರಡಿ, ರಾಗಿ ಚೆಲ್ಲಿ, ಪೈರು ಬಂದಮೇಲೆ ಪಾರ್ಕ್ ಮಾಡ್ತಾರಲ್ಲ? ಅದರ ಸುತ್ತ ಒಂದು ಆಟದ ರೈಲು ಓಡಿಸಿದರೆ ಅದೂ ಗಾರ್ಡನ್ ರೈಲ್ವೆನೇ. ಅಲ್ಲೂ ಲೆಕ್ಕ ಇದೇ: ಬೋಗಿಯ ಉದ್ದ ಅಳೆಯಿರಿ, ಮೂರರಿಂದ ಗುಣಿಸಿ, ಅದಕ್ಕೆ ಜಾಗ ಇದೆಯಾ ನೋಡಿ.

ನೋಡಿ ಕಲಿಯಬೇಕು ಅಂದ್ರೆ ಒಂದು ಭಾನುವಾರ ರೈಲ್ವೆ ಮ್ಯೂಸಿಯಂಗೆ ಹೋಗಿ. ಪುಟಾಣಿ ರೈಲು ತಿರುಗೋ ಜಾಗದಲ್ಲಿ ನಿಂತ್ಕೊಳ್ಳಿ. ಬೋಗಿಯ ನಡುಭಾಗ ಒಳಕ್ಕೆ, ತುದಿ ಹೊರಕ್ಕೆ ಹೇಗೆ ಚಾಚುತ್ತೆ, ಚಕ್ರ ಎಲ್ಲಿ ಸದ್ದು ಮಾಡುತ್ತೆ ಗಮನಿಸಿ. ಇವತ್ತು ಹೇಳಿದ ಮುಕ್ಕಾಲು ಭಾಗ ಅಲ್ಲೇ ಕಣ್ಣಿಗೆ ಕಾಣುತ್ತೆ.

ನಮ್ಮ ಹಳಿ ಈಗ ಓಡ್ತಿದೆ. ಸಂಪಿಗೆ ಎಲೆ, ಹೂವು ಹಳಿ ಮೇಲೆ ಬೀಳುತ್ತೆ. ಬೆಳಿಗ್ಗೆ ಕಾಫಿ ಆದಮೇಲೆ ಅಪ್ಪ ಕೋಲೂರಿಕೊಂಡು, ಉದ್ದ ಹಿಡಿಯ ಪೊರಕೆ ತಗೊಂಡು ಒಂದು ಸುತ್ತು ಹಾಕ್ತಾರೆ. ಡಾಕ್ಟರ್ ನಡೀರಿ ಅಂದಾಗ ನಡೆಯದವರು, ಲೈನ್ ಚೆಕ್ ಮಾಡ್ಬೇಕು ಅಂದ್ರೆ ನಡೀತಾರೆ. ಇದು ಯಾವ ಪ್ಲ್ಯಾನಲ್ಲೂ ಇರಲಿಲ್ಲ.

ನಿಮ್ಮನೇಲೂ ರೈಲ್ವೆಯಲ್ಲಿ, ವರ್ಕ್‌ಶಾಪಲ್ಲಿ, ಸರ್ವೆಯಲ್ಲಿ ಕೆಲಸ ಮಾಡಿದ ಹಿರಿಯರಿದ್ದರೆ ಒಂದು ಕೆಲಸ ಮಾಡಿ. ಟೇಪು, ದಾರ, ರಂಗೋಲಿ ಪುಡಿ ಅವರ ಮುಂದೆ ಇಟ್ಟು, 'ಇಲ್ಲಿ ಎಷ್ಟು ದೊಡ್ಡ ತಿರುವು ಬರುತ್ತೆ?' ಅಂತ ಕೇಳಿ. ರೈಲು ಆಮೇಲೆ ಕೊಳ್ಳಬಹುದು.